ಈಜಿಪ್ಟಿನ ‘ನಿಮ್ಮಿಷ್ಟ’ ಮತ್ತು ಅತ್ತೆಯ ಕರಡಿಗೆ

ಚಳ್ಳಕೆರೆ

ನಾನು ಈಜಿಪ್ಟಿಗೆ ಹೋಗಿ ಬಂದ ಸುದ್ದಿ ತಿಳಿದವರೆಲ್ಲ ಅಂಗಡಿಗೆ ಬಂದು ಕೇಳುವುದು ಒಂದೇ ಪ್ರಶ್ನೆ: ಪಿರಮಿಡ್ ಹೆಂಗಿತ್ತಮ್ಮ? ಇತ್ತು, ದೊಡ್ಡ ದೊಡ್ಡ ಕಲ್ಲು, ಇಟ್ಟಲ್ಲೇ ಇದ್ದವು ಎನ್ನುತ್ತೇನೆ. ಅದಕ್ಕಿಂತ ಹೆಚ್ಚು ಹೇಳುವ ತಾಳ್ಮೆ ನನಗಿಲ್ಲ. ನನ್ನ ನೆನಪಿನಲ್ಲಿ ಉಳಿದಿರುವುದು ಕೈಗಳು. ಹೋದಲ್ಲೆಲ್ಲ ಮುಂದೆ ಚಾಚಿಕೊಂಡು ಬಂದ ಕೈಗಳು. ಎಷ್ಟು ಕೊಡಬೇಕಪ್ಪ ಎಂದರೆ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ‘ಆಸ್ ಯು ಲೈಕ್, ಮೇಡಂ’ ಎಂದು ನಗುತ್ತಾರೆ. ನಿಮ್ಮಿಷ್ಟ ಅಂತೆ. ನನ್ನ ಇಷ್ಟ ಏನೂ ಕೊಡದಿರುವುದು. ಹಾಗೆ ಹೇಳಿ ನೋಡಿ, ಆಗ ಗೊತ್ತಾಗುತ್ತದೆ ಅದು ಯಾರ ಇಷ್ಟ ಎಂದು.

ಚಳ್ಳಕೆರೆಯಲ್ಲಿ ನಮ್ಮದು ಪಂಪು, ಪೈಪು, ಬೋರ್‌ವೆಲ್ ಮೋಟಾರಿನ ಅಂಗಡಿ. ಗಲ್ಲಾದ ಮೇಲೆ ಕೂರುವವಳು ನಾನು. ವರ್ಷದಲ್ಲಿ ಇಷ್ಟು ಮೋಟಾರು ಮಾರಿದ ಡೀಲರುಗಳನ್ನು ಕಂಪನಿಯವರು ಗುಂಪು ಕಟ್ಟಿ ಫಾರಿನ್ನಿಗೆ ಕರೆದುಕೊಂಡು ಹೋಗುವ ಪದ್ಧತಿ ನಮ್ಮ ವ್ಯಾಪಾರದಲ್ಲಿದೆ. ಈ ಸಲ ನನ್ನ ಹೆಸರು ಬಂತು, ಜೊತೆಗೆ ಒಬ್ಬರನ್ನು ಕರೆತರಬಹುದು ಎಂದರು. ನಮ್ಮ ಯಜಮಾನರು ಪಕ್ಕದ ಊರು ನನ್ನಿವಾಳದ ಹೊಲದಲ್ಲಿ ಶೇಂಗಾ ಕೀಳಿಸುತ್ತಿದ್ದರು. ಫೋನಿನಲ್ಲೇ ಮಾತು ಮುಗಿಸಿದರು.

“ಒಕ್ಕಣೆ ಬಿಟ್ಟು ನಾನೆಲ್ಲಿ ಬರ್ಲಿ? ಅವ್ವನ್ನ ಕರ್ಕೊಂಡು ಹೋಗು. ವಿಮಾನದಾಗೆ ಕೂರ್ಬೇಕು ಅಂತ ಅವ್ಳಿಗೆ ಭಾರಿ ಆಸೆ ಐತೆ.”

ಹೀಗೆ ನಾನು ಮತ್ತು ನನ್ನ ಅತ್ತೆ ಹೊರಟೆವು. ಅತ್ತೆಯ ತವರು ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರ. ಆ ಸೀಮೆಯಲ್ಲಿ ಕನ್ನಡ ಎಷ್ಟೋ ತೆಲುಗೂ ಅಷ್ಟೇ. ಕನ್ನಡ ಬರದವರು ಯಾರೇ ಎದುರಾದರೂ ಅತ್ತೆ ತಾನಾಗಿಯೇ ತೆಲುಗಿಗೆ ಹೊರಳುತ್ತಾರೆ. ಅತ್ತೆಯ ಕೊರಳಲ್ಲಿ ಶಿವದಾರ, ಅದರಲ್ಲಿ ಒಂದು ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಇಷ್ಟಲಿಂಗ. ಚಿಕ್ಕ ಹುಡುಗಿಯಾಗಿದ್ದಾಗ ತವರೂರಿನ ಅಯ್ಯನೋರು ಕಟ್ಟಿದ್ದು. ಮಲಗುವಾಗಲೂ ಮೈಮೇಲಿಂದ ತೆಗೆಯುವುದಿಲ್ಲ. ಅದನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡುವವರೆಗೆ ಒಂದು ತುತ್ತು ಬಾಯಿಗೆ ಹೋಗುವುದಿಲ್ಲ. ಹೊರಡುವ ಮುಂಚೆ ಯಜಮಾನರು ನನಗೆ ಹೇಳಿದ್ದು ಎರಡೇ ಮಾತು: ಅವ್ವನ ಬಿಪಿ ಮಾತ್ರೆ ಮರೀಬೇಡ, ಊಟ ತಪ್ಪಿಸಬೇಡ.

ಕೈರೋ

ವಿಮಾನದಿಂದ ಇಳಿದು ಪೆಟ್ಟಿಗೆ ಬರುವ ಪಟ್ಟಿಯ ಹತ್ತಿರ ನಿಂತಿದ್ದೆವು. ನಮ್ಮ ಪೆಟ್ಟಿಗೆ ಕಂಡಿದ್ದೇ ತಡ, ಎಲ್ಲಿದ್ದನೋ ಒಬ್ಬ, ಅದನ್ನೆತ್ತಿ ಟ್ರಾಲಿಗೆ ಹಾಕಿ ದಬ್ಬಿಕೊಂಡು ಹೊರಟೇಬಿಟ್ಟ. ನಾನು ಹಿಂದೆ ಓಡಿದೆ. ಅತ್ತೆ ಮಾತ್ರ ಸಂತೋಷದಲ್ಲಿದ್ದರು.

“ಎಂಥಾ ಮಂದಿ ನೋಡು ಗಿರಿಜಾ. ನಮ್ಮ ದೇವಸಮುದ್ರದಂಗೇ ಅದಾರೆ.”

ಅತ್ತೆಯ ಮಾತಿಗೆ ಕಾರಣವಿತ್ತು. ದೇವಸಮುದ್ರದಲ್ಲಿ ಬಸ್ಸಿನಿಂದ ವಯಸ್ಸಾದವರು ಚೀಲ ಹಿಡಿದು ಇಳಿದರೆ ಅಲ್ಲಿ ನಿಂತ ಯಾರಾದರೂ ಸರಿ, ಕೈಯಿಂದ ಚೀಲ ಕಿತ್ತುಕೊಂಡು ಮನೆಯವರೆಗೆ ಬರುತ್ತಾರೆ. ಕೊಡಲ್ಲ ಎಂದರೆ ಅವರಿಗೆ ಬೇಜಾರು. ಮನೆ ಮುಟ್ಟಿಸಿ ಒಂದು ಚೊಂಬು ನೀರು ಕುಡಿದು ಹೋಗುತ್ತಾರೆ. ಅದಕ್ಕೆ ಯಾರಾದರೂ ದುಡ್ಡು ಕೊಡಲು ಹೋದರೆ ಜಗಳವೇ ಆದೀತು.

ಬಾಗಿಲ ಹತ್ತಿರ ಟ್ರಾಲಿ ನಿಂತಿತು. ಕೈ ಮುಂದೆ ಬಂತು. ನಾನು ನಿನ್ನನ್ನು ಕರೆದಿದ್ದೆನಾ ಎಂದೆ. ಅವನು ನಕ್ಕು ನಿಮ್ಮಿಷ್ಟ ಎಂದ. ಅಷ್ಟರಲ್ಲಿ ಅತ್ತೆ ಕೈಚೀಲದಿಂದ ಒಂದು ಶೇಂಗಾ ಉಂಡೆ ತೆಗೆದು ಆ ಕೈಯಲ್ಲಿಟ್ಟು, “ತಿನು ನಾಯನಾ, ಸಲ್ಲಗಾ ಉಂಡು” ಎಂದು ತೆಲುಗಿನಲ್ಲಿ, ತಿನ್ನಪ್ಪ ತಣ್ಣಗಿರು ಅಂತ, ಹರಸಿದರು. ಆತ ಉಂಡೆಯನ್ನು ನೋಡಿದ, ಅತ್ತೆಯನ್ನು ನೋಡಿದ, ಕೊನೆಗೆ ನನ್ನನ್ನು ನೋಡಿದ. ಈ ಸಲ ನಗಲಿಲ್ಲ. ನಾನು ಟ್ರಾಲಿಯನ್ನು ಕಿತ್ತುಕೊಂಡು ಹೊರಗೆ ಬಂದೆ.

ಅಲ್ಲಿಂದ ಶುರುವಾದದ್ದು ನಿಲ್ಲಲೇ ಇಲ್ಲ. ಶೌಚಾಲಯದ ಬಾಗಿಲಲ್ಲಿ ಒಬ್ಬಳು ಕಾಗದದ ತುಂಡು ಹಿಡಿದು ನಿಂತಿರುತ್ತಾಳೆ, ಒಳಗೆ ಕಾಗದವೇ ಇಲ್ಲದಂತೆ ಮೊದಲೇ ನೋಡಿಕೊಂಡಿರುತ್ತಾಳೆ. ಲಿಫ್ಟಿನಲ್ಲಿ ಒಬ್ಬ ಗುಂಡಿ ಒತ್ತಿ ಕೈ ಚಾಚುತ್ತಾನೆ. ಗೋರಿಯ ಗುಡಿಯಲ್ಲಿ ಇನ್ನೊಬ್ಬ ನಮಗೆ ಕಾಣುತ್ತಲೇ ಇದ್ದ ಚಿತ್ರವನ್ನು ಬೆರಳಲ್ಲಿ ತೋರಿಸಿ ಕೈ ಚಾಚುತ್ತಾನೆ. ಬಸ್ಸಿನಲ್ಲಿ ನಮ್ಮ ಟೂರ್ ಮ್ಯಾನೇಜರ್ ಕವರು ಹಿಡಿದು ಬಂದು, ಗೈಡಿಗೆ ಡ್ರೈವರಿಗೆ ಎಲ್ಲರೂ ಹಾಕಬೇಕು, ಇದು ಕಡ್ಡಾಯ ಎಂದ. ಕಡ್ಡಾಯವಾದರೆ ಅದು ಟಿಪ್ಸು ಹೇಗಾಗುತ್ತದೆ, ದಂಡ ಅನ್ನಪ್ಪ ಎಂದೆ. ಗುಂಪಿನವರು ಕಿಸಕ್ಕೆಂದರು.

ನಮ್ಮಲ್ಲೇನು ಎಲ್ಲರೂ ಹರಿಶ್ಚಂದ್ರರಲ್ಲ. ಚಹಾ ಕಾಸು ಕೇಳುವವರು ಇಲ್ಲಿಯೂ ಇದ್ದಾರೆ, ಕೊಟ್ಟು ಕೊಟ್ಟು ನನಗೂ ಸಾಕಾಗಿದೆ. ಆದರೆ ನಮ್ಮವರು ಕೇಳುವಾಗ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೇಳುತ್ತಾರೆ. ಅಷ್ಟಾದರೂ ನಾಚಿಕೆ ಉಂಟು. ಅಲ್ಲಿ ಕಣ್ಣಲ್ಲಿ ಕಣ್ಣಿಟ್ಟು, ನಾನೇ ಸಾಲಗಾರಳು ಎನ್ನುವ ಹಾಗೆ ಕೇಳುತ್ತಿದ್ದರು. ನನ್ನ ಮೈ ಉರಿಯುತ್ತಿದ್ದುದು ಅದಕ್ಕೆ.

ಅತ್ತೆ ಮಾತ್ರ ಕೈ ಕಂಡಲ್ಲೆಲ್ಲ ಉಂಡೆ ಇಟ್ಟುಕೊಂಡು ನಡೆದರು.

ಒಂಟೆಯ ಬೆನ್ನಿನ ಮೇಲೆ

ಪಿರಮಿಡ್ಡಿನ ಎದುರು ಒಂಟೆ ಹತ್ತಿದ್ದು ನನ್ನ ಬುದ್ಧಿಗೇಡಿತನ. ಹತ್ತುವ ಮೊದಲೇ ರೇಟು ಮಾತಾಡಿ ದುಡ್ಡು ಕೊಟ್ಟಿದ್ದೆ. ಒಂದು ಸುತ್ತು ಹಾಕಿಸಿ ಒಂಟೆಯವನು ಹಗ್ಗ ಹಿಡಿದು ನಿಂತ. ಇಳಿಸು ಎಂದೆ. ಒಂಟೆ ಕೂರಬೇಕಾದರೆ ಒಂಟೆಗೆ ಏನಾದರೂ ಕೊಡಬೇಕಂತೆ. ಎಷ್ಟು ಎಂದರೆ ಮತ್ತೆ ಅದೇ, ನಿಮ್ಮಿಷ್ಟ.

ಆಯಿತು, ನನ್ನಿಷ್ಟ ತಾನೇ ಎಂದು ಮೇಲೆಯೇ ಕೂತೆ. ಕಾಲು ಜೋಮು ಹಿಡಿಯಿತು, ಬಿಸಿಲು ನೆತ್ತಿ ಸುಟ್ಟಿತು, ಗುಂಪಿನವರು ಕೆಳಗಿಂದ ಫೋಟೋ ತೆಗೆದರು. ನಾನು ಅಲುಗಾಡಲಿಲ್ಲ. ಮೋಟಾರಿಗೆ ರೇಟು ಕೇಳಿ ಬೆಳಗಿನಿಂದ ಮಧ್ಯಾಹ್ನದವರೆಗೆ ಬೆಂಚು ಬಿಡದ ಗಿರಾಕಿಗಳ ಎದುರು ಕೂತು ರೂಢಿಯಾದವಳು ನಾನು, ಇವನ್ಯಾವ ಲೆಕ್ಕ. ಕೊನೆಗೆ ಹಿಂದೆ ಬೇರೆ ಗಿರಾಕಿಗಳು ಕಾಯತೊಡಗಿದರು. ಅವನು ಏನೋ ಗೊಣಗಿ ಹಗ್ಗ ಜಗ್ಗಿದ. ಒಂಟೆ ಕೂತಿತು. ನಾನು ಇಳಿದು ಸೀರೆ ಕೊಡವಿಕೊಂಡೆ.

ಗುಂಪಿನವರೆಲ್ಲ ಚಪ್ಪಾಳೆ ತಟ್ಟಿದರು. ಅಂದಿನಿಂದ ಯಾರ ಹತ್ತಿರ ಏನು ಕೊಳ್ಳುವುದಿದ್ದರೂ ಚೌಕಾಸಿಗೆ ನನ್ನನ್ನೇ ಮುಂದೆ ಬಿಡುತ್ತಿದ್ದರು. ನಾನೂ ಉಬ್ಬಿಹೋದೆ ಅನ್ನಿ. ಅವರು ಐದು ಬೆರಳು ತೋರಿಸಿದರೆ ನಾನು ಒಂದು ಬೆರಳು ತೋರಿಸುವುದು. ಅವರು ನಾಲ್ಕಕ್ಕೆ ಇಳಿದರೆ ನಾನು ಒಂದರಲ್ಲೇ ನಿಲ್ಲುವುದು. ಭಾಷೆಯೇ ಬೇಕಾಗಲಿಲ್ಲ.

“ನಿನ್ನ ಕೈಗೆ ಸಿಕ್ಕೋರು ಬದುಕ್ತಾರೇನೇ” ಎಂದು ಅತ್ತೆಯೂ ನಕ್ಕಿದ್ದರು.

ಊರ ಹೆಸರು ಬೇಡ

ರೈಲು, ದೋಣಿ ಎಲ್ಲ ಮುಗಿಸಿ, ನೈಲ್ ದಂಡೆಯ ಒಂದು ಸಣ್ಣ ಊರಿನಿಂದ ವಿಮಾನದಲ್ಲಿ ಕೈರೋಗೆ ಬಂದು, ಅಲ್ಲಿಂದ ಮನೆಗೆ ಹೊರಡಬೇಕಿತ್ತು. ಆ ಊರಿನ ಹೆಸರು ಬರೆಯುವುದಿಲ್ಲ. ಹಿಂದಿನ ಸಂಜೆ ಅಲ್ಲಿನ ಒಬ್ಬ ಅಜ್ಜಿ ಅತ್ತೆಯನ್ನು ತನ್ನ ಮನೆಯ ಜಗುಲಿಯಲ್ಲಿ ಕೂರಿಸಿಕೊಂಡು ಕೆಂಪು ಹೂವಿನ ಷರಬತ್ತು ಕೊಟ್ಟು, ಏನೂ ಕೇಳದೆ ಕಳಿಸಿದ್ದಳು. ಆಕೆಯ ಊರಿಗೆ ನಾನು ಕೆಟ್ಟ ಹೆಸರು ತರಲಾರೆ.

ನಿಲ್ದಾಣದ ಬಾಗಿಲಲ್ಲೇ ಹಳದಿ ಕೋಟಿನ ಒಬ್ಬ ಗಾಲಿಕುರ್ಚಿ ತಂದು ಅತ್ತೆಯ ಹಿಂದೆ ನಿಲ್ಲಿಸಿದ. ಬೇಡ ಎಂದೆ. ಅತ್ತೆ ಆಗಲೇ ಕೂತಿದ್ದರು, ಮೊಣಕಾಲು ನೋಯುತ್ತಿತ್ತು ಪಾಪ. ಆತ ಸೆರಗು ಗಾಲಿಗೆ ಸಿಕ್ಕದಂತೆ ಎತ್ತಿ ಮಡಿಲಿಗಿಟ್ಟ, ‘ಮಾಮಾ, ಮಾಮಾ’ ಎನ್ನುತ್ತಾ ಮೆಲ್ಲಗೆ ತಳ್ಳಿಕೊಂಡು ಹೊರಟ. ಅವರ ಭಾಷೆಯಲ್ಲಿ ಮಾಮಾ ಎಂದರೆ ಅವ್ವ. ಅತ್ತೆಯ ಮುಖ ಅರಳಿತು. ಉಂಡೆಗಳು ಮುಗಿದಿದ್ದವು, ಅದೊಂದೇ ಚಿಂತೆ ಅವರಿಗೆ.

ತಪಾಸಣೆಯ ಹತ್ತಿರ ಕರಡಿಗೆ ತೆಗೆಯಿರಿ ಎಂದು ಸನ್ನೆ ಮಾಡಿದರು. ಬೆಂಗಳೂರಿನಲ್ಲಿ ಅದನ್ನು ನೋಡಿದ ಹೆಣ್ಣುಮಗಳು ತಾನೇ ಕೈಮುಗಿದು ಬಿಟ್ಟಿದ್ದಳು. ನಡುವೆ ವಿಮಾನ ಬದಲಿಸುವಾಗ ಕೈಯಲ್ಲಿ ಹಿಡಿದು ತೋರಿಸಿದರೆ ಸಾಕಾಗಿತ್ತು. ಇಲ್ಲಿ ಬಿಡಲಿಲ್ಲ. ಪ್ಲಾಸ್ಟಿಕ್ ತಟ್ಟೆ ಮುಂದಿಟ್ಟರು. ಆ ತಟ್ಟೆಯಲ್ಲಿ ಯಾರದೋ ಬೂಟು, ಬೆಲ್ಟು.

“ಚಪ್ಪಲಿ ತಟ್ಟೇಲಿ ಲಿಂಗ ಇಡು ಅಂತಾರಲ್ಲೇ ಗಿರಿಜಾ.”

“ಒಂದು ನಿಮಿಷ ಇಡ್ರಿ ಅತ್ತೆ. ಹಿಂದೆ ಮಂದಿ ನಿಂತಾರೆ” ಎಂದೆ. ಅಷ್ಟರಲ್ಲಿ ತಪಾಸಣೆಯವರು ನನ್ನನ್ನು ಅಲ್ಲಿಂದ ಮುಂದೆ ದೂಡಿದರು. ಕಮಾನು ದಾಟಿ, ಕೈ ಅಗಲಿಸಿ, ತಡವಿಸಿಕೊಂಡು ತಿರುಗಿ ನೋಡುತ್ತೇನೆ, ಅತ್ತೆ ಆ ಹಳದಿ ಕೋಟಿನವನ ಎರಡೂ ಅಂಗೈಗಳನ್ನು ಜೋಡಿಸಿ, ಮೇಲೆ ತಮ್ಮ ಶುಭ್ರವಾದ ಕರವಸ್ತ್ರ ಹಾಸಿ, ಶಿವದಾರದ ಸಮೇತ ಕರಡಿಗೆಯನ್ನು ಅದರ ಮೇಲಿಟ್ಟಿದ್ದಾರೆ. “ಜಾಗ್ರತ್ತ ನಾಯನಾ” ಎಂದು ಹೇಳುತ್ತಿದ್ದಾರೆ.

ಅತ್ತೆಯನ್ನು ಪಕ್ಕದ ಬಾಗಿಲಿನಿಂದ ಬಿಟ್ಟರು. ಅವನು ಇನ್ನೊಂದು ಕಡೆಯಿಂದ ಬಂದ. ಅಂಗೈ ಖಾಲಿ ಇತ್ತು. ಕೋಟಿನ ಜೇಬು ಉಬ್ಬಿತ್ತು, ಅದರ ಜಿಪ್ಪು ಅರ್ಧಕ್ಕೆ ಎಳೆದಿತ್ತು. ಆ ಜೇಬಿನಿಂದ ಸಿಗರೇಟಿನ ಪೊಟ್ಟಣದ ಮೂಲೆ ಕಾಣುತ್ತಿತ್ತು.

ಅತ್ತೆ ಎಡಗೈ ಚಾಚಿದರು. “ಇಯ್ಯಿ ನಾಯನಾ.”

ಅವನು ಅತ್ತೆಯನ್ನು ನೋಡಲಿಲ್ಲ. ನನ್ನ ಕಡೆ ತಿರುಗಿ ನಕ್ಕ. ಮಾಮಾಗೆ ಸಹಾಯ ಮಾಡಿದ್ದೇನೆ, ಮೇಡಂ ಏನಾದರೂ ಕೊಡಬೇಕು ಎಂದ. ಮೊದಲು ಅದನ್ನು ಕೊಡು ಎಂದೆ. ಅವನು ಜೇಬಿನ ಮೇಲೆ ಕೈಯಿಟ್ಟುಕೊಂಡ. ಎಷ್ಟು ಎಂದು ಕೂಗಿದೆ. ಇಷ್ಟು ದಿನದಲ್ಲಿ ಮೊದಲ ಸಲ ಒಬ್ಬ ನಿಮ್ಮಿಷ್ಟ ಎನ್ನಲಿಲ್ಲ. ಐದು ಬೆರಳು ಎತ್ತಿ, “ಫಿಫ್ಟಿ ಡಾಲರ್” ಎಂದ.

ನನಗೆ ತಲೆ ಕೆಟ್ಟುಹೋಯಿತು. ಬಾಯಿಗೆ ಬಂದದ್ದನ್ನೆಲ್ಲ ಚಳ್ಳಕೆರೆ ಸಂತೆಯ ಕನ್ನಡದಲ್ಲಿ ಬೈದೆ. ಒಬ್ಬ ಸಮವಸ್ತ್ರದವನನ್ನು ಕೂಗಿ ಕರೆದೆ. ಅವನು ಬಂದು, ಇವನ ಜೊತೆ ನಾಲ್ಕು ಮಾತಾಡಿ, ನನಗೆ ಕೊಟ್ಟುಬಿಡಿ ಎನ್ನುವಂತೆ ಕೈಯಾಡಿಸಿ ಹೋದ. ನಮ್ಮ ಗುಂಪು ಮುಂದೆ ಹೋಗಿಯಾಗಿತ್ತು. ವಿಮಾನಕ್ಕೆ ಕರೆಯುತ್ತಿದ್ದರು.

ನನ್ನ ಪರ್ಸಿನಲ್ಲಿ ದುಡ್ಡಿತ್ತು. ಅದನ್ನು ಇಲ್ಲಿ ಹೇಳಿಬಿಡುತ್ತೇನೆ. ಆದರೆ ಆ ನಗುವಿಗೆ ಐವತ್ತು ಕೊಡಲು ನನ್ನ ಕೈ ಏಳಲಿಲ್ಲ. ಒಂದು ಬೆರಳು ತೋರಿಸಿದೆ. ಅವನು ನಾಲ್ಕು ತೋರಿಸಿದ. ನಾನು ಒಂದರಲ್ಲೇ ನಿಂತೆ. ಅವನು ಮತ್ತೆ ಐದಕ್ಕೆ ಹೋದ. ಅತ್ತೆಯ ಎಡಗೈ ಹಾಗೇ ಚಾಚಿಕೊಂಡೇ ಇತ್ತು, ಅವರು ನಮ್ಮಿಬ್ಬರ ಬೆರಳುಗಳನ್ನು ಒಂದಾದ ಮೇಲೊಂದು ನೋಡುತ್ತಿದ್ದರು.

ಆಮೇಲೆ ಅತ್ತೆ ಬಲಗೈಯಿಂದ ಎಡಗೈಯ ಚಿನ್ನದ ಬಳೆ ಎಳೆಯತೊಡಗಿದರು. ಮದುವೆಯಲ್ಲಿ ಹಾಕಿದ ಬಳೆ, ಬೆರಳ ಗಂಟಿನ ಹತ್ತಿರ ಸಿಕ್ಕಿಕೊಂಡಿತು. ಚರ್ಮ ತರಚಿತು. ಎಳೆದು ತೆಗೆದು ಅವನ ಮುಂದೆ ಹಿಡಿದರು. ಅವನ ನಗು ಮಾಯವಾಯಿತು, ಕಣ್ಣು ಬಳೆಯ ಮೇಲೆ ನಿಂತಿತು.

ನಾನು ಅತ್ತೆಯ ಕೈ ಹಿಂದೆ ತಳ್ಳಿ ಐವತ್ತು ಡಾಲರನ್ನು ಅವನ ಎದೆಗೆ ಎಸೆದೆ. ಅವನು ಬಗ್ಗಿ ಆರಿಸಿಕೊಂಡ. ನಿಧಾನಕ್ಕೆ ಜಿಪ್ಪು ಬಿಚ್ಚಿ ಕರಡಿಗೆಯನ್ನು ಅತ್ತೆಯ ಅಂಗೈಗೆ ಹಾಕಿ, “ಥ್ಯಾಂಕ್ಯೂ ಮಾಮಾ” ಎಂದ. ಹೋಗುವಾಗ ಗಾಲಿಕುರ್ಚಿಗೆ ಬೇರೆ ಕೊಡಬೇಕು ಎಂದು ಜ್ಞಾಪಿಸಿದ. ಅವನ ಕೈ ಸೇದಿಹೋಗಲಿ.

ಆಕಾಶದಲ್ಲಿ

ಅತ್ತೆ ಕರಡಿಗೆಯನ್ನು ಕೊರಳಿಗೆ ಹಾಕಿಕೊಳ್ಳಲಿಲ್ಲ. ಕರವಸ್ತ್ರದಲ್ಲಿ ಸುತ್ತಿ ಮಡಿಲಲ್ಲಿ ಹಿಡಿದುಕೊಂಡರು. ಕೈರೋದಲ್ಲಿ ಊಟ ಬಂತು, ಮುಟ್ಟಲಿಲ್ಲ. ವಿಮಾನದಲ್ಲಿ ಅನ್ನ ಬಂತು, ಮುಟ್ಟಲಿಲ್ಲ. ನೀರು ಮಾತ್ರ ಗುಟುಕರಿಸಿದರು.

ಬಾಟಲಿ ನೀರಿದೆ, ತೊಳೆದು ಇಲ್ಲೇ ಪೂಜೆ ಮಾಡ್ರಿ ಎಂದೆ. ತಲೆಯಾಡಿಸಿದರು.

“ಮಾತ್ರೆ ತಗೋಬೇಕಲ್ರಿ ಅತ್ತೆ. ಖಾಲಿ ಹೊಟ್ಟೇಲಿ ಹೆಂಗೆ ತಗೋತೀರಿ?”

“ಮಾತ್ರೆ ಬ್ಯಾಡ. ಅಯ್ಯನೋರ ಕೈಗೆ ಕೊಟ್ಟು ತಗೊಂಡ ಮ್ಯಾಲೇ ಊಟ.”

“ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿಮ್ಮ ಮಗನಿಗೆ ನಾನೇನು ಹೇಳ್ಲಿ?”

“ಐವತ್ತು ಡಾಲರ್ ಉಳ್ಸೋಕೆ ನೋಡ್ದೆ ಅಂತ ಹೇಳು.”

ಅಷ್ಟೇ. ಮುಖ ಕಿಟಕಿಯ ಕಡೆ ತಿರುಗಿತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಕಳ್ಳನ ಮೇಲೆ, ಕೈಯಾಡಿಸಿ ಹೋದ ಸಮವಸ್ತ್ರದವನ ಮೇಲೆ, ಹಿಂತಿರುಗಿ ನೋಡದೆ ಹೋದ ಗುಂಪಿನ ಮೇಲೆ, ಗುರುತಿಲ್ಲದವನ ಕೈಗೆ ಪ್ರಾಣ ಇಟ್ಟಂತೆ ಲಿಂಗ ಇಟ್ಟ ಅತ್ತೆಯ ಮೇಲೆಯೂ. ಕೊನೆಗೆ ಕೊಟ್ಟವಳು ನಾನಲ್ಲವೇ? ಆದರೂ ಅತ್ತೆಯ ಕೈಯಲ್ಲಿ ಬಳೆ ತರಚಿದ ಗಾಯ ಕಂಡಾಗೆಲ್ಲ ಬೇರೆ ಕಡೆ ನೋಡುತ್ತಿದ್ದೆ. ಅವರ ತುಟಿ ಒಣಗಿತ್ತು. ದಾರಿಯುದ್ದಕ್ಕೂ ನಾನೂ ಏನೂ ತಿನ್ನಲಿಲ್ಲ.

ದೇವಸಮುದ್ರ

ಬೆಂಗಳೂರಿಗೆ ಯಜಮಾನರು ಕಾರು ತಂದಿದ್ದರು. ವಿಷಯ ಕೇಳಿ ನನ್ನ ಮುಖವನ್ನೇ ನೋಡಿದರು. ಏನಾದರೂ ಅಂದಿದ್ದರೆ ಜಗಳ ಮಾಡಿ ಹಗುರಾಗುತ್ತಿದ್ದೆ. ಚಳ್ಳಕೆರೆಯ ನಮ್ಮ ಮನೆಯ ಮುಂದೆಯೇ ಹಾದುಹೋದೆವು, ನಿಲ್ಲಿಸಲಿಲ್ಲ. ಒಣಗಿದ ಶೇಂಗಾ ಬಳ್ಳಿಯ ಬಣವೆಗಳು, ಕುರಿಮಂದೆ, ಆಂಧ್ರದ ಕಡೆ ಹೊರಟ ಲಾರಿಗಳು. ಅತ್ತೆ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿದ್ದರು. ಉಸಿರಾಡುತ್ತಿದ್ದಾರಾ ಎಂದು ನಾನು ಮತ್ತೆ ಮತ್ತೆ ತಿರುಗಿ ನೋಡಿದೆ.

ದೇವಸಮುದ್ರದಲ್ಲಿ ಕಾರಿನಿಂದ ಇಳಿಯುತ್ತಿದ್ದಂತೆ ಅಲ್ಲಿ ನಿಂತಿದ್ದ ಒಬ್ಬಾತ ಓಡಿ ಬಂದು ಅತ್ತೆಯ ಚೀಲಕ್ಕೆ ಕೈ ಹಾಕಿದ. “ಬಿಡೋ ಲೇ” ಎಂದು ಕಿರುಚಿಬಿಟ್ಟೆ. ಆತ ಬೆಪ್ಪಾಗಿ ನಿಂತ. ಅವನು ಅತ್ತೆಯ ದೊಡ್ಡಪ್ಪನ ಮೊಮ್ಮಗ. ಅತ್ತೆ ಚೀಲವನ್ನು ಅವನಿಗೆ ಕೊಟ್ಟು ನಡೆದರು.

ಅಯ್ಯನೋರ ಮನೆಯ ಪಡಸಾಲೆಯಲ್ಲಿ ಅತ್ತೆಯನ್ನು ಕೂರಿಸಿದೆವು. ಮೊದಲ ಅಯ್ಯನೋರು ತೀರಿಕೊಂಡು ಈಗ ಅವರ ಮಗ ಇದ್ದಾರೆ, ಅವರಿಗೂ ತಲೆ ನರೆತಿದೆ. ಏನಾಯಿತು ಎಂದು ಕೇಳಿದರು. ಅತ್ತೆಗೆ ಆಯಾಸವಾಗಿತ್ತು, ನಾನೇ ಹೇಳಿದೆ.

“ಆ ಹಾಳಾದೋನು ಸಿಗರೇಟಿನ ಜೇಬಲ್ಲಿ ಇಟ್ಕೊಂಡಿದ್ದ ಅಯ್ಯನೋರೇ. ಮೈಲಿಗೆ ಆತು ಅಂತ ಅತ್ತೆ ಊಟ ಬಿಟ್ಟವ್ರೆ.”

“ಸಿಗರೇಟಿಗಲ್ಲ” ಎಂದರು ಅತ್ತೆ.

ಎಲ್ಲರೂ ಅವರ ಕಡೆ ನೋಡಿದೆವು.

“ಅವ್ನ ಕೈಗೆ ನಾನೇ ಕೊಟ್ಟಿದ್ದು. ಜೇಬಲ್ಲಿಟ್ರೆ ತೊಳ್ಕೊಂಡ್ರೆ ಹೋತದೆ. ಅವ್ನು ಐದು ಬೆರಳು ತೋರ್ಸಿದ. ಅವ್ನು ಕಳ್ಳ, ಕೇಳ್ತಾನೆ. ಇವ್ಳು ಒಂದು ಬೆರಳು ತೋರ್ಸಿದ್ಲು. ನಾಕಕ್ಕೆ ಬಂದ, ಇವ್ಳು ಒಂದೇ ಅಂದ್ಲು. ನನ್ನ ಲಿಂಗಕ್ಕೆ ರೇಟು ಕಟ್ಟಿದ್ರು ಅಯ್ಯನೋರೇ, ನನ್ನ ಕಣ್ಣ ಮುಂದೆ, ಇಬ್ರೂ ಸೇರ್ಕೊಂಡು. ರೇಟು ಆದದ್ದನ್ನ ಹೆಂಗೆ ಕೊರಳಿಗೆ ಹಾಕ್ಕಳ್ಳಿ?”

ಇಬ್ರೂ ಸೇರ್ಕೊಂಡು. ಆ ಹಳದಿ ಕೋಟಿನವನ ಪಕ್ಕದಲ್ಲಿ ಅತ್ತೆ ನನ್ನನ್ನು ನಿಲ್ಲಿಸಿದ್ದರು. ಯಜಮಾನರ ಕಡೆ ತಿರುಗಿದೆ, ಅವರು ನೆಲ ನೋಡುತ್ತಿದ್ದರು.

ಅಯ್ಯನೋರು ಕರವಸ್ತ್ರ ಬಿಚ್ಚಿ, ಕರಡಿಗೆಯಿಂದ ಲಿಂಗ ತೆಗೆದು, ನೀರೆರೆದು, ಒರೆಸಿ, ವಿಭೂತಿ ಹಚ್ಚಿದರು. ತಮ್ಮ ಅಂಗೈಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ಕಣ್ಣು ಮುಚ್ಚಿದರು. ಆಮೇಲೆ ಅತ್ತೆಯ ಎಡ ಅಂಗೈಗೆ ಇಟ್ಟರು. ಅಷ್ಟು ದೂರದಿಂದ ಚಾಚಿಕೊಂಡೇ ಬಂದಂತಿದ್ದ ಆ ಕೈ ಈಗ ಸಮಾಧಾನವಾಗಿ ಮಡಿಲಿಗೆ ಇಳಿಯಿತು. ಅತ್ತೆ ಅಲ್ಲೇ ಕೂತು ಪೂಜೆ ಮುಗಿಸಿದರು. ಕರಡಿಗೆ ಕೊರಳಿಗೆ ಬಂತು.

ಒಳಗಿನಿಂದ ರೊಟ್ಟಿ, ಬದನೆಕಾಯಿ ಪಲ್ಯ, ಮಜ್ಜಿಗೆ ಬಂದವು. ತಟ್ಟೆ ಅತ್ತೆಯ ಮುಂದಿಟ್ಟರು. ಅತ್ತೆ ಮುಟ್ಟಲಿಲ್ಲ. ನನ್ನ ಕಡೆ ನೋಡಿ, “ಅಯ್ಯನೋರಿಗೆ ದಕ್ಷಿಣೆ ಕೊಡು” ಎಂದರು.

ಎಷ್ಟು ಕೊಡಬೇಕು ಎಂದು ಕೇಳಿದೆ. ಅಭ್ಯಾಸ, ಬಾಯಿ ತಪ್ಪಿ ಬಂತು.

“ನಿಮ್ಮಿಷ್ಟ ತಾಯಿ” ಎಂದರು ಅಯ್ಯನೋರು.

ಆ ಮಾತು ಕಿವಿಗೆ ಬಿದ್ದ ಕೂಡಲೇ ಈಜಿಪ್ಟಿನ ಉರಿಯೆಲ್ಲ ಒಂದೇ ಸಲ ನೆತ್ತಿಗೇರಿತು. ಪರ್ಸಿನೊಳಗೆ ಹೋದ ಕೈ ತಾನಾಗಿಯೇ ನೋಟುಗಳನ್ನು ತಡಕಿ ಚಿಕ್ಕದು ಯಾವುದು, ದೊಡ್ಡದು ಯಾವುದು ಎಂದು ಆರಿಸತೊಡಗಿತ್ತು. ತಲೆಯೆತ್ತಿದರೆ ಅತ್ತೆ ನನ್ನ ಮುಖ ನೋಡುತ್ತಿರಲಿಲ್ಲ. ಪರ್ಸಿನೊಳಗಿದ್ದ ನನ್ನ ಬೆರಳುಗಳನ್ನು ನೋಡುತ್ತಿದ್ದರು. ಅವರ ಮುಂದೆ ರೊಟ್ಟಿ ಆರುತ್ತಿತ್ತು.

ಕೈ ಹೊರಗೆಳೆದು, ಪರ್ಸನ್ನೇ ಅತ್ತೆಯ ಮಡಿಲಲ್ಲಿಟ್ಟೆ.

ಅತ್ತೆ ಅದನ್ನು ತೆರೆದರು. ಒಳಗೆ ನೋಡದೆ ಒಂದು ಹಿಡಿ ತೆಗೆದು ಅಯ್ಯನೋರ ತಟ್ಟೆಗೆ ಹಾಕಿ, ಪರ್ಸನ್ನು ನನಗೆ ವಾಪಸ್ಸು ಕೊಟ್ಟರು. ಆ ಹಿಡಿಯಲ್ಲಿ ಎಷ್ಟಿತ್ತೋ ನಾನು ಇಂದಿಗೂ ಎಣಿಸಲು ಹೋಗಿಲ್ಲ, ಹೊಟ್ಟೆ ಉರಿದದ್ದು ಮಾತ್ರ ನಿಜ. ಆಮೇಲೆ ಅವರು ರೊಟ್ಟಿ ಮುರಿದರು. ಮೊದಲ ತುತ್ತು ಬಾಯಿಗಿಟ್ಟುಕೊಂಡು ನನ್ನ ಕಡೆ ನೋಡಿದರು.

“ನೀನೂ ಉಣ್ಣು” ಎಂದರು. “ಆವಾಗ್ಲಿಂದ ಹಸ್ಕೊಂಡಿದ್ದೀಯ.”